ಮೋಡಿ ವಿಧಾನ: ಲೂಪ್ ಮುಚ್ಚುತ್ತಿಲ್ಲ, ಎಪ್ಸಿಲಾನ್ ಇಟ್ಟರೆ ಯು2ಗೆ ಎರಡು ಬೆಲೆ ಬರುತ್ತಿದೆ

ಕೊನೇ ಬೆಂಚು:
ನಮಸ್ಕಾರ. ಬಿಕಾಂ ಓದುತ್ತಿದ್ದೇನೆ, ಈ ಸೆಮಿಸ್ಟರ್‌ಗೆ ಓಆರ್ (ಆಪರೇಷನ್ಸ್ ರಿಸರ್ಚ್) ಇದೆ. ಒಂದು ಟ್ರಾನ್ಸ್‌ಪೋರ್ಟೇಷನ್ ಲೆಕ್ಕ (ಕಡಿಮೆ ಖರ್ಚಿನ ಸಾಗಣೆ ಹುಡುಕುವುದು) ಎರಡು ದಿನದಿಂದ ತಲೆ ತಿನ್ನುತ್ತಿದೆ.

ಅಕ್ಕಿ ಗೋದಾಮು ಮೂರು: ಗಂಗಾವತಿ 50 ಚೀಲ, ದಾವಣಗೆರೆ 40, ಮಂಡ್ಯ 60. ಬೇಡಿಕೆ: ಹುಬ್ಬಳ್ಳಿ 20, ಶಿವಮೊಗ್ಗ 70, ಬೆಂಗಳೂರು 60. ಒಂದು ಚೀಲದ ಸಾಗಣೆ ಖರ್ಚು ಇದೇ ಊರುಗಳ ಕ್ರಮದಲ್ಲಿ:
ಗಂಗಾವತಿ: 4, 6, 9
ದಾವಣಗೆರೆ: 3, 1, 8
ಮಂಡ್ಯ: 7, 4, 2

ಟೇಬಲ್ಲನ್ನು ಎಡ ಮೇಲ್ಮೂಲೆಯಿಂದ ತುಂಬುತ್ತಾ ಬರುವ ನಾರ್ತ್‌ವೆಸ್ಟ್ ಕಾರ್ನರ್ ಮಾಡಿದೆ. ಗಂಗಾವತಿ–ಹುಬ್ಬಳ್ಳಿ 20, ಗಂಗಾವತಿ–ಶಿವಮೊಗ್ಗ 30, ದಾವಣಗೆರೆ–ಶಿವಮೊಗ್ಗ 40, ಮಂಡ್ಯ–ಬೆಂಗಳೂರು 60. ಖರ್ಚು 420. ಆಮೇಲೆ ಖರ್ಚು ಇನ್ನೂ ಇಳಿಯುತ್ತದಾ ಅಂತ ನೋಡುವ ಮೋಡಿ (ಮಾಡಿಫೈಡ್ ಡಿಸ್ಟ್ರಿಬ್ಯೂಷನ್): ಪ್ರತಿ ಗೋದಾಮಿಗೆ ಒಂದು ಯು, ಪ್ರತಿ ಊರಿಗೆ ಒಂದು ವಿ, ಟೇಬಲ್‌ನ ತುಂಬಿದ ಮನೆಯಲ್ಲಿ ಎರಡನ್ನೂ ಕೂಡಿದರೆ ಆ ಮನೆಯ ಖರ್ಚು ಬರಬೇಕು. ಯು1 = 0 ಇಟ್ಟರೆ ವಿ1 = 4, ವಿ2 = 6, ಯು2 = −5. ಮುಂದಕ್ಕೆ ಹೋಗಲಿಲ್ಲ. ಅದಕ್ಕೆ ಯು3 ಕೂಡ 0 ಅಂದುಕೊಂಡೆ, ವಿ3 = 2 ಬಂತು. ಈಗ ಖಾಲಿ ಮನೆ ಮಂಡ್ಯ–ಶಿವಮೊಗ್ಗದಲ್ಲಿ ಖರ್ಚಿನಿಂದ ಯು, ವಿ ಕಳೆದರೆ −2, ಅಂದರೆ ಅಲ್ಲಿ ಕಳಿಸಿದರೆ ಖರ್ಚು ಇಳಿಯಬೇಕು. ಸರಿ ಅಂತ ಲೂಪ್ (ಆ ಮನೆಯಿಂದ ಹೊರಟು ತುಂಬಿದ ಮನೆಗಳಲ್ಲಿ ತಿರುಗುತ್ತಾ ಅಲ್ಲಿಗೇ ಮರಳುವ ದಾರಿ) ಹಾಕಲು ಹೋದರೆ ಲೂಪ್ ಮುಚ್ಚುತ್ತಲೇ ಇಲ್ಲ. ಹೆಸರು ಮೋಡಿ, ಮೋಡಿಗೊಳಗಾದವನು ನಾನು!

ಲೆಕ್ಕದ ಮೇಷ್ಟ್ರು:
ತಪ್ಪು ಲೂಪ್‌ನಲ್ಲಿಲ್ಲ, ಅದಕ್ಕೂ ಮುಂಚೆಯೇ ಆಗಿದೆ. ತುಂಬಿದ ಮನೆಗಳನ್ನು ಎಣಿಸಿ. ಗೋದಾಮು 3 + ಊರು 3 − 1 = 5 ಇರಬೇಕು, ನಿಮ್ಮಲ್ಲಿ ನಾಲ್ಕೇ ಇವೆ. ಇದೇ ಡಿಜೆನೆರಸಿ. ಸೊನ್ನೆ ಅಂತ ನಾವು ಇಟ್ಟುಕೊಳ್ಳುವುದು ಒಂದಕ್ಕೆ ಮಾತ್ರ. ಯು3ಗೂ ಸೊನ್ನೆ ಕೊಟ್ಟಿದ್ದು ಊಹೆ, ಆ −2 ಕೂಡ ಊಹೆಯೇ. ಖಾಲಿ ಮನೆಯೊಂದರಲ್ಲಿ ಎಪ್ಸಿಲಾನ್ (ಸೊನ್ನೆಯಷ್ಟೇ ಅನ್ನಬಹುದಾದ ಚಿಕ್ಕ ಸಂಖ್ಯೆ) ಇಡಿ.

ಕೊನೇ ಬೆಂಚು:
ಅದನ್ನೂ ಮಾಡಿ ನೋಡಿದೆ ಸರ್. ಖರ್ಚು ಕಡಿಮೆ ಇರುವ ಖಾಲಿ ಮನೆಯಲ್ಲಿಡಿ ಅಂತ ನೋಟ್ಸ್‌ನಲ್ಲಿದೆ. ಹಾಗಾಗಿ ದಾವಣಗೆರೆ–ಹುಬ್ಬಳ್ಳಿಯಲ್ಲಿ (3) ಇಟ್ಟೆ. ಐದಾಯಿತು. ಆದರೆ ಒಂದು ಕಡೆಯಿಂದ ಯು2 = −5, ಇನ್ನೊಂದು ಕಡೆಯಿಂದ −1. ವಿ3 ಆಗಲೂ ಸಿಗಲಿಲ್ಲ.

ಲೆಕ್ಕದ ಮೇಷ್ಟ್ರು:
ನೋಟ್ಸ್‌ನಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ. ಒಂದು ಹಾಳೆ ತಗೊಳ್ಳಿ. ಎಡಕ್ಕೆ ಮೂರು ಚುಕ್ಕಿ ಗೋದಾಮು, ಬಲಕ್ಕೆ ಮೂರು ಚುಕ್ಕಿ ಊರು. ತುಂಬಿದ ಪ್ರತಿ ಮನೆಗೂ ಒಂದು ಗೆರೆ ಎಳೆಯಿರಿ. ಗಂಗಾವತಿ, ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಒಂದು ಗುಂಪಾಗಿ ನಿಲ್ಲುತ್ತವೆ. ಮಂಡ್ಯ–ಬೆಂಗಳೂರು ಬೇರೆಯೇ ದ್ವೀಪ. ಎಪ್ಸಿಲಾನ್ ಈ ಎರಡರ ನಡುವಿನ ಸೇತುವೆ. ನೀವು ಸೇತುವೆಯನ್ನು ಒಂದೇ ದಡದಲ್ಲಿ ಕಟ್ಟಿದ್ದೀರಿ! ಅಲ್ಲಿ ಆಗಲೇ ದಾರಿ ಇತ್ತು, ಈಗ ಸುತ್ತು ದಾರಿ ಆಯಿತು. ಅದಕ್ಕೇ ಯು2ಗೆ ಎರಡು ಬೆಲೆ.

ಸೇತುವೆ ಆಗಬಲ್ಲ ಮನೆಗಳು ನಾಲ್ಕು: ಗಂಗಾವತಿ–ಬೆಂಗಳೂರು 9, ದಾವಣಗೆರೆ–ಬೆಂಗಳೂರು 8, ಮಂಡ್ಯ–ಹುಬ್ಬಳ್ಳಿ 7, ಮಂಡ್ಯ–ಶಿವಮೊಗ್ಗ 4. ಕಡಿಮೆ ಖರ್ಚಿನದ್ದನ್ನು ಇವುಗಳಲ್ಲಿ ಹುಡುಕಿ.

ಇದು ಹೊಸ ಕಾಯಿಲೆ ಏನಲ್ಲ. 1947ರಲ್ಲಿ ಡ್ಯಾಂಟ್ಸಿಗ್ ಕೊಟ್ಟ ಸಿಂಪ್ಲೆಕ್ಸ್ ಕಲಿತಿದ್ದೀರಲ್ವಾ? ಅಲ್ಲಿ ಯಾವ ವೇರಿಯಬಲ್ ಹೊರಹೋಗಬೇಕು ಅಂತ ಹೇಳುವ ರೇಷಿಯೋ ಎರಡಕ್ಕೆ ಒಂದೇ ಬಂದು ಟೈ ಆದರೆ, ಮುಂದಿನ ಟೇಬಲ್‌ನಲ್ಲಿ ಒಂದು ಬೇಸಿಕ್ ವೇರಿಯಬಲ್ (ಇಲ್ಲಿನ ತುಂಬಿದ ಮನೆಯ ಹಾಗೆ) ಸೊನ್ನೆಯಾಗಿ ಕೂತಿರುತ್ತದೆ. ಇದೂ ಅದೇ. ಇಲ್ಲಿ ದಾವಣಗೆರೆಯ 40 ಚೀಲವೂ ಶಿವಮೊಗ್ಗದ ಬಾಕಿ ಬೇಡಿಕೆಯೂ ಒಟ್ಟಿಗೆ ಮುಗಿದವು, ಅಲ್ಲೇ ಒಂದು ಮನೆ ಕಳೆದುಹೋಯಿತು.

ಕೊನೇ ಬೆಂಚು:
ಅಯ್ಯೋ! ಮಂಡ್ಯ–ಶಿವಮೊಗ್ಗದಲ್ಲಿ ಇಟ್ಟೆ. ಯು3 = −2, ವಿ3 = 4. ಖಾಲಿ ಮನೆಗಳಲ್ಲಿ 5, 4, 9, 5. ಒಂದೂ ಮೈನಸ್ ಇಲ್ಲ. ಅಂದರೆ ಮೊದಲು ಬಂದ 420ಏ ಆಪ್ಟಿಮಲ್, ಇದಕ್ಕಿಂತ ಕಡಿಮೆ ಇಲ್ಲ?! ಎರಡು ದಿನ ಸುಮ್ನೆ ಒದ್ದಾಡಿದೆ.

ಎಂಬಿಎ ಅಕ್ಕ:
ಒಂದು ಸಂಶಯ ಮೇಷ್ಟ್ರೇ. ನಾನು ಬೇಕಂತಲೇ ಮಂಡ್ಯ–ಹುಬ್ಬಳ್ಳಿಯಲ್ಲಿ ಎಪ್ಸಿಲಾನ್ ಇಟ್ಟೆ. ಯು3 = 3, ವಿ3 = −1 ಬಂತು. ಮಂಡ್ಯ–ಶಿವಮೊಗ್ಗದಲ್ಲಿ −5. ಲೂಪ್ ಏನೋ ಮುಚ್ಚಿತು. ಆದರೆ ಚೀಲ ಒಂದೂ ಅಲ್ಲಾಡಲಿಲ್ಲ, ಎಪ್ಸಿಲಾನ್ ಮಾತ್ರ ಪಕ್ಕದ ಮನೆಗೆ ಹೋಯಿತು. ಖರ್ಚು ಅದೇ 420. ಇದು ತಪ್ಪಾ?

ಲೆಕ್ಕದ ಮೇಷ್ಟ್ರು:
ತಪ್ಪಲ್ಲ. ನಿಮ್ಮ ಸೇತುವೆಯೂ ಸರಿಯಾದದ್ದೇ, ದುಬಾರಿ ಅಷ್ಟೇ. ಒಂದು ಸುತ್ತು ಜಾಸ್ತಿ ಆಯಿತು. ಡಿಜೆನೆರೇಟ್ ಉತ್ತರದಲ್ಲಿ ಮೈನಸ್ ಕಂಡ ತಕ್ಷಣ ಖರ್ಚು ಇಳಿಯುತ್ತದೆ ಅಂದುಕೊಳ್ಳಬೇಡಿ.

ಕೊನೇ ಬೆಂಚು:
ಎಕ್ಸೆಲ್ ಸಾಲ್ವರ್‌ನಲ್ಲೂ ಹಾಕಿದೆ, 420 ಬಂತು. ಕೊನೇ ಪ್ರಶ್ನೆ ಸರ್: ಉತ್ತರ ಬರೆಯುವಾಗ ಎಪ್ಸಿಲಾನ್ ತೋರಿಸಬೇಕಾ?

ಲೆಕ್ಕದ ಮೇಷ್ಟ್ರು:
ಟೇಬಲ್‌ನಲ್ಲಿ ತೋರಿಸಿ, ಆ ಮನೆ ಯಾಕೆ ಆರಿಸಿದಿರಿ ಅಂತ ಒಂದು ಸಾಲು ಬರೆಯಿರಿ. ಕೊನೆಯಲ್ಲಿ ಅದನ್ನು ಸೊನ್ನೆ ಮಾಡಿ. ಮಂಡ್ಯದಿಂದ ಶಿವಮೊಗ್ಗಕ್ಕೆ ಲಾರಿ ಹೊರಡಿಸಬೇಡಿ!