ಹಾಲಿನ ವಾಹನದ ಮಾರ್ಗಕ್ಕೆ ಡಿಎನ್ಎ ಗಣನೆ ಒದಗೀತೇ?

ಪ್ರಶ್ನೆ (ಮಂಡ್ಯದಿಂದ):
ನಮ್ಮ ಕಡೆ ಒಂದು ವಾಹನ 25 ಹಳ್ಳಿಗಳ ಹಾಲು ತುಂಬಿಕೊಂಡು, ಬಿಸಿಲೇರುವ ಮೊದಲೇ ಶೀತಲೀಕರಣ ಕೇಂದ್ರಕ್ಕೆ ಮರಳಬೇಕು. ಯಾವ ಊರಿನ ನಂತರ ಯಾವ ಊರು ಎಂಬುದನ್ನು ಇಂದಿಗೂ ಚಾಲಕರ ಅಂದಾಜೇ ತೀರ್ಮಾನಿಸುತ್ತಿದೆ. ಡಿಎನ್ಎ ಅಣುಗಳು ಎಲ್ಲ ಮಾರ್ಗಗಳನ್ನೂ ಏಕಕಾಲದಲ್ಲಿ ಪರೀಕ್ಷಿಸಬಲ್ಲವು ಎಂದು ಓದಿದ್ದೇನೆ. ಅದು ಇಲ್ಲಿಗೆ ಒದಗೀತೇ?

ಉತ್ತರ 1 (ಮೈಸೂರಿನಿಂದ):
1994ರಲ್ಲಿ ಅಮೆರಿಕದ ಗಣಕವಿಜ್ಞಾನಿ ಲಿಯೊನಾರ್ಡ್ ಏಡಲ್‌ಮನ್ ಡಿಎನ್ಎ ಬಳಸಿ ಬಿಡಿಸಿದ ಮಾರ್ಗದ ಸಮಸ್ಯೆಯಲ್ಲಿದ್ದುದು ಏಳು ಊರು, 14 ದಾರಿ. ನಿಮ್ಮ ಜಿಲ್ಲೆಯ ತಾಲ್ಲೂಕುಗಳೂ ಏಳೇ. ಅವರು ಪ್ರತಿ ಊರಿಗೂ 20 ನ್ಯೂಕ್ಲಿಯೋಟೈಡ್‌ಗಳ (ಡಿಎನ್ಎ ಸರಪಳಿಯ ಬಿಡಿ ಕೊಂಡಿಗಳ) ಒಂದು ಎಳೆಯನ್ನು ಗೊತ್ತುಮಾಡಿದರು. ಮದ್ದೂರಿನಿಂದ ಮಳವಳ್ಳಿಗೆ ದಾರಿಯೆಂದರೆ, ಮದ್ದೂರಿನ ಎಳೆಯ ಕೊನೆಯ ಅರ್ಧಕ್ಕೆ ಮಳವಳ್ಳಿಯ ಎಳೆಯ ಮೊದಲರ್ಧವನ್ನು ಕೂಡಿಸಿದ ಇನ್ನೊಂದು ಎಳೆ ಎಂದಿಟ್ಟುಕೊಳ್ಳಿ. ಊರಿನ ಎಳೆಗೆ ಜೋಡಿಯಾಗಿ ಅಂಟಿಕೊಳ್ಳುವ ಪೂರಕ ಎಳೆಯು ಅಕ್ಕಪಕ್ಕದ ಎರಡು ದಾರಿಗಳನ್ನು ಒತ್ತಟ್ಟಿಗೆ ಹಿಡಿಯುತ್ತದೆ, ಲೈಗೇಸ್ ಕಿಣ್ವ ಅವನ್ನು ಬೆಸೆಯುತ್ತದೆ. ಹೀಗೆ ಪ್ರನಾಳದಲ್ಲಿ ಅಸಂಖ್ಯ ಮಾರ್ಗಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಆದರೆ ತಪ್ಪು ಮಾರ್ಗಗಳನ್ನು ಜರಡಿ ಹಿಡಿಯಲು ಪ್ರಯೋಗಾಲಯದಲ್ಲಿ ಸುಮಾರು ಒಂದು ವಾರ ಹಿಡಿಯಿತು.

ನಿಜವಾದ ತೊಡಕು ತೂಕದ್ದು. ನಿಮ್ಮ 25 ಹಳ್ಳಿಗಳ ಪ್ರತಿಯೊಂದು ಅನುಕ್ರಮಕ್ಕೂ ಒಂದೇ ಒಂದು ಅಣು ಸಾಕೆಂದರೂ ನಾಲ್ಕು ಟನ್ನಿಗೂ ಹೆಚ್ಚು ಡಿಎನ್ಎ ಬೇಕಾಗುತ್ತದೆ. ಇನ್ನು ಐದೇ ಹಳ್ಳಿ ಸೇರಿದರೆ ಅದು ಒಂಬತ್ತು ಕೋಟಿ ಟನ್ನಿನ ಆಸುಪಾಸಿಗೆ ಹೋಗುತ್ತದೆ. ಅಂದರೆ ಕಾಲದ ಹೊರೆ ಇಳಿಯಲಿಲ್ಲ, ದ್ರವ್ಯದ ಹೆಗಲಿಗೆ ದಾಟಿತು.

ಉತ್ತರ 2 (ಶ್ರೀರಂಗಪಟ್ಟಣದಿಂದ):
ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಏಡಲ್‌ಮನ್ ಕೇಳಿದ್ದು ಪ್ರತಿ ಊರನ್ನೂ ಒಮ್ಮೆ ಮಾತ್ರ ಹಾಯುವ ಮಾರ್ಗವಿದೆಯೇ ಎಂದಷ್ಟೇ. ಅಲ್ಲಿ ಕಿಲೋಮೀಟರಿನ ಲೆಕ್ಕವೇ ಇರಲಿಲ್ಲ. ದೂರವನ್ನು ಎಳೆಯ ಉದ್ದವಾಗಿಸಿ, ಎಳೆಗಳನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಲೋಳೆಯಂಥ ಜೆಲ್‌ನಲ್ಲಿ ಬೇರ್ಪಡಿಸಬಹುದಾದರೂ, ಉದ್ದದಲ್ಲಿ ಅತ್ಯಲ್ಪ ವ್ಯತ್ಯಾಸವಿರುವ ಎಳೆಗಳನ್ನು ನೆಚ್ಚಿಕೆಯಿಂದ ಬಿಡಿಸುವುದು ಕಷ್ಟ. ನಿಮಗೆ ಬೇಕಾದುದು ಗಣಿತಜ್ಞರಾದ ಹೆಲ್ಡ್ ಮತ್ತು ಕಾರ್ಪ್ 1962ರಲ್ಲಿ ಕೊಟ್ಟ ವಿಧಾನ: ಊರುಗಳ ಸಣ್ಣ ಗುಂಪುಗಳ ಅತಿ ಕಿರಿದಾದ ಮಾರ್ಗಗಳನ್ನು ನೆನಪಿಟ್ಟುಕೊಂಡು, ಅವುಗಳಿಂದ ದೊಡ್ಡ ಗುಂಪುಗಳ ಮಾರ್ಗ ಕಟ್ಟುವ ಲೆಕ್ಕ. 25 ಊರುಗಳಿಗೆ ಅದು ಸುಮಾರು 2,100 ಕೋಟಿ ಹೆಜ್ಜೆಗಳನ್ನು ಬೇಡುತ್ತದೆ. ಸಾಕಷ್ಟು ಮೆಮೊರಿಯಿರುವ ಗಣಕಯಂತ್ರಕ್ಕೆ ಇದು ಕೆಲವು ನಿಮಿಷಗಳ ಕೆಲಸ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಾಲೆಯ ಏರಿಯ ಮೇಲಿನ ಕೆಲವು ದಾರಿಗಳಲ್ಲಿ ಮಳೆಗಾಲದಲ್ಲಿ ವಾಹನ ಹೋಗದು. ಆದ್ದರಿಂದ ದೂರದ ಪಟ್ಟಿಯನ್ನು ಋತುವಿಗೊಂದರಂತೆ ಎರಡು ಮಾಡಿ, ಚಾಲಕರನ್ನು ಕೂರಿಸಿಕೊಂಡೇ ಲೆಕ್ಕ ಹಾಕುತ್ತೇನೆ.