ಪೋಷಕ ನಟನಾಗಿ ಜೀವನ ನಡೆಯುತ್ತಾ? ತುಮಕೂರು ಕಡೆಯವರು ಅನುಭವ ಹೇಳಿ

ಕೇಳಿದ್ದು: ನನಗೆ 27 ವರ್ಷ, ಗುಬ್ಬಿ ತಾಲ್ಲೂಕು. ಕುರುಕ್ಷೇತ್ರ ನಾಟಕದಲ್ಲಿ ಮೂರು ಸಲ ಶಕುನಿ ಮಾಡಿದ್ದೇನೆ. ಸೀರಿಯಲ್, ಸಿನಿಮಾದಲ್ಲಿ ಪೋಷಕ ಪಾತ್ರ ಮಾಡಬೇಕು ಅಂತ ಆಸೆ. ಒಬ್ಬರು 60 ಸಾವಿರ ಕೊಟ್ಟರೆ ಪಾತ್ರ ಕೊಡಿಸುತ್ತೇನೆ ಅಂತಿದ್ದಾರೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲಾ?

ತುಮಕೂರಿನಿಂದ ಒಬ್ಬರು: ತಮ್ಮಾ, ಮೊದಲು ಆ ದುಡ್ಡು ಕೊಡಬೇಡ. ನಮ್ಮ ಊರುಗಳಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುವುದು ರೂಢಿ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ಮಾತಾಡಿಕೊಳ್ಳುತ್ತೇವೆ. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು ಎಲ್ಲಾ ಅದರಲ್ಲೇ ಆಗಬೇಕು. ಅದು ಊರಿನ ಖುಷಿ, ತಪ್ಪಿಲ್ಲ. ಸಿನಿಮಾದಲ್ಲಿ ಅವರೇ ನಿನಗೆ ಕೊಡಬೇಕು. ಆ ರೂಢಿ ತಲೆಯಲ್ಲಿ ಕೂತಿರುವುದಕ್ಕೇ ನಮ್ಮ ಕಡೆ ಹುಡುಗರು ಬೇಗ ಮೋಸ ಹೋಗುತ್ತಾರೆ. ನಾನೂ 15 ಸಾವಿರ ಕೊಟ್ಟಿದ್ದೆ. ಸಿಕ್ಕಿದ್ದು ಜಾತ್ರೆ ಸೀನಿನ ಗುಂಪಲ್ಲಿ ನಿಲ್ಲುವ ಕೆಲಸ.

14 ವರ್ಷದಿಂದ ಸಣ್ಣ ಪಾತ್ರ ಮಾಡುತ್ತಿದ್ದೇನೆ. ಜೆರಾಕ್ಸ್ ಅಂಗಡಿ ಇನ್ನೂ ಬಿಟ್ಟಿಲ್ಲ. ತಿಂಗಳಿಗೆ ಹತ್ತು ದಿನ ಶೂಟಿಂಗ್ ಸಿಕ್ಕರೆ ಹಬ್ಬ, ಒಂದೂ ಇಲ್ಲದ ತಿಂಗಳೂ ಇರುತ್ತದೆ. ಬೆಳಗಿನ ರೈಲು ಹಿಡಿದರೆ ಬೆಂಗಳೂರು ಎಷ್ಟು ದೂರ? ಕರೆದಾಗ ಹೋಗಿ ಬಾ ಸಾಕು.

ಮೊದಲ ಕ್ಲೋಸಪ್ ಹೇಳುತ್ತೇನೆ. ಅಪ್ಪನ ಪಾತ್ರ, ಒಂದೇ ಮಾತು: ‘ಊಟ ಮಾಡಿ ಹೋಗೋ.’ ಅಭ್ಯಾಸ ಬಲ ನೋಡು, ಕೊನೇ ಸಾಲಿನ ಅಜ್ಜಿಗೂ ಕೇಳುವ ಹಾಗೆ ಕೂಗಿಬಿಟ್ಟೆ. ಡೈರೆಕ್ಟರ್ ಹತ್ತಿರ ಬಂದು, ‘ಸರ್, ಮಗ ಪಕ್ಕದಲ್ಲೇ ಕೂತಿದ್ದಾನೆ’ ಅಂದರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ, ಅವನ ಮುಖ ನೋಡದೆ ಮೆಲ್ಲಗೆ ಅಂದೆ. ಒಂದೇ ಟೇಕಿಗೆ ಓಕೆ ಆಯಿತು. ಶಕುನಿಯ ಕಣ್ಣು ನಿನಗೆ ಅಲ್ಲಿ ಕೆಲಸಕ್ಕೆ ಬರುತ್ತದೆ, ಗಂಟಲು ಮಾತ್ರ ಇಳಿಸಿಕೊಳ್ಳಬೇಕು.

ಇನ್ನೊಂದು ವಿಷಯ, ಶೂಟಿಂಗ್ ಪೂರ್ತಿ ಮುಗಿಯುವವರೆಗೂ ಮೀಸೆ ಮುಟ್ಟಬೇಡ! ತಮ್ಮನ ಮಗನ ನಾಮಕರಣ ಅಂತ ನಾನು ನೀಟಾಗಿ ಟ್ರಿಮ್ ಮಾಡಿಸಿಕೊಂಡು ಹೋಗಿದ್ದೆ. ಎರಡನೇ ಶೆಡ್ಯೂಲಿನಲ್ಲಿ ಅಂಟಿಸಿದ ಮೀಸೆ ಬಿಸಿಲಿಗೆ ಕಿತ್ತು ಬರುತ್ತಿತ್ತು. ನನ್ನ ಎರಡು ಸೀನ್ ಕಟ್ ಆದವು. ಅದರ ನೋವು ಇವತ್ತಿಗೂ ಇದೆ.

ತಿಪಟೂರಿನ ಒಬ್ಬ ಅಕ್ಕ: ನಾಟಕ ಬಿಡಬೇಡಪ್ಪ. ನಮ್ಮೂರಿನ ನರಸಿಂಹರಾಜು ಅವರು ಕಂಪನಿ ನಾಟಕದಲ್ಲಿ ಪಳಗಿ 1954ರಲ್ಲಿ ಬೇಡರ ಕಣ್ಣಪ್ಪಕ್ಕೆ ಬಂದವರು. ನೊಣವಿನಕೆರೆಯ ಉಮಾಶ್ರೀ ಅವರೂ ರಂಗಭೂಮಿಯವರೇ ಅಲ್ವಾ? ಎಷ್ಟೊಂದು ಹಾಸ್ಯ ಪಾತ್ರ ಮಾಡಿದ ಮೇಲೆ ಗುಲಾಬಿ ಟಾಕೀಸ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆದರೆ ಹೆಗ್ಗೋಡಿನ ನೀನಾಸಂಗೆ ಅರ್ಜಿ ಹಾಕು. ನನ್ನ ತಂಗಿ ಮಗ ಅಲ್ಲಿ ಕಲಿತು ಬಂದ ಮೇಲೆ ಸುಮ್ನೆ ನಿಲ್ಲುವ ರೀತಿಯೇ ಬೇರೆ ಆಯಿತು.

ಶಿರಾದಿಂದ ಒಬ್ಬರು: ದುಡ್ಡಿನ ಮಾತು ಶೂಟಿಂಗಿಗೆ ಮುಂಚೆಯೇ ಮ್ಯಾನೇಜರ್ ಹತ್ತಿರ ಆಡಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಡಬ್ಬಿಂಗಿಗೆ ಬೇರೆ ದುಡ್ಡಾ ಅಂತಲೂ ಕೇಳಿ. ನಾಚಿಕೆ ಪಟ್ಟು ಎರಡು ಪೇಮೆಂಟ್ ಕಳೆದುಕೊಂಡಿದ್ದೇನೆ.

ತುಮಕೂರಿನವರೇ ಮತ್ತೆ: ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಿನ್ನ ನಾಟಕ ಯಾವತ್ತಾದರೂ ಇದ್ದರೆ ಹೇಳು ತಮ್ಮಾ. ಪಗಡೆ ಸೀನ್ ನೋಡೋಕೆ ಬರುತ್ತೇನೆ.