ಉಡದ ಮರಿಯ ಹುಳಕ್ಕೆ ಪುಡಿ "ಲೇಪಿಸುವುದೋ" "ಹೊರಳಿಸುವುದೋ"? (ಸ್ವಲ್ಪ ಅರ್ಜೆಂಟ್)

ಸು., ಉಡುಪಿ:

ಎಲ್ಲರಿಗೂ ನಮಸ್ಕಾರ. ಅಮ್ಮ ಗುರುವಾರ ಇಂಗ್ಲೆಂಡಿಗೆ, ಅಣ್ಣನ ಮನೆಗೆ ಹೊರಟಿದ್ದಾರೆ. ಅಣ್ಣನ ಮಗ ಅಲ್ಲಿ ಒಂದು ಉಡದ ಮರಿ ಸಾಕಿದ್ದಾನೆ. ನಮ್ಮ ಊರಿನದ್ದಲ್ಲ, ಆಫ್ರಿಕದ ಸವಾನ್ನಾ ಉಡ. ಹಗಲು ಅವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಅದಕ್ಕೆ ತಿನ್ನಿಸುವ ಕೆಲಸ ಅಮ್ಮನದ್ದು. ಅಣ್ಣ ಇಂಗ್ಲಿಷಿನಲ್ಲಿ ಕಳಿಸಿದ ಪಟ್ಟಿಯನ್ನು ಕನ್ನಡಕ್ಕೆ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು. ಮೂರು ಮಾತು ಕೈಕೊಟ್ಟಿವೆ: ಫೀಡರ್ ಇನ್ಸೆಕ್ಟ್ (ಮರಿಗೆ ತಿನ್ನಲು ಕೊಡುವ ಮಿಡತೆ, ಕ್ರಿಕೆಟ್ ಮುಂತಾದ ಹುಳ), ಗಟ್ ಲೋಡಿಂಗ್ (ಆ ಹುಳಕ್ಕೇ ಮೊದಲು ಹೊಟ್ಟೆ ತುಂಬ ತಿನ್ನಿಸುವುದು), ಡಸ್ಟಿಂಗ್. ಕೊನೆಯದು ಅಂದರೆ ಹುಳವನ್ನು ಕೊಡುವ ಮೊದಲು ಅದರ ಮೈಗೆ ಕ್ಯಾಲ್ಸಿಯಂ ಪುಡಿ ಹಿಡಿಸುವುದು. ಕಂಪ್ಯೂಟರ್ ಅನುವಾದ ಅದನ್ನು "ಹುಳದ ಧೂಳು ಒರೆಸಿ" ಎಂದು ಮಾಡಿತು. ಅಮ್ಮ ನಿಜಕ್ಕೂ ಬಟ್ಟೆ ಹಿಡಿದು ಒರೆಸುವವರೇ!

ರಾ., ಮಂಗಳೂರು:

ಲೇಪನ ಇದೆಯಲ್ಲ? ಸುಣ್ಣಲೇಪಿತ ಕೀಟ. ಮುಗಿಯಿತು.

ವೆಂ., ಪುತ್ತೂರು:

ಮುಗಿಯಲಿಲ್ಲ ಮಾಷ್ಟ್ರೇ. ಲೇಪಿಸುವುದು ಒದ್ದೆಯನ್ನು. ಗಂಧ ಲೇಪಿಸುತ್ತಾರೆ, ಒಣ ಪುಡಿಗೆ ಎಂಥ ಲೇಪ? ಸುಣ್ಣ ತದ್ಭವ, ಲೇಪಿತ ತತ್ಸಮ, ಎರಡನ್ನೂ ಬೆಸೆದದ್ದು ಅರಿಸಮಾಸ ಬೇರೆ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದದ್ದು. ಗಟ್ ಲೋಡಿಂಗಿಗೆ "ಕರುಳೂಟ" ಎನ್ನಿ. ಅಚ್ಚಗನ್ನಡ. ಅಂದ ಹಾಗೆ ಉಡ ಎಂಬುದು ಉಡು ಧಾತುವಿನಿಂದಲೇ ಬಂದದ್ದು, ಬಿಗಿಯಾಗಿ ಸುತ್ತಿ ಹಿಡಿಯುವುದು ಅಂತ. ಉಡದ ಪಟ್ಟು, ಉಡಿದಾರ, ಎಲ್ಲ ಒಂದೇ ಬಳ್ಳಿ.

ರಾ., ಮಂಗಳೂರು:

ತಮಿಳಿನಲ್ಲಿ ಉಡುಂಬು, ತೆಲುಗಿನಲ್ಲಿ ಉಡುಮು. ಆ ಮಕಾರವನ್ನು ಯಾವ ಉಡಿಯಲ್ಲಿ ಕಟ್ಟುತ್ತೀರಿ? ಸುಮ್ನೆ ಹೊಸೆಯಬೇಡಿ. ಇನ್ನು ಸುಣ್ಣ ಸಂಸ್ಕೃತದ ಚೂರ್ಣದಿಂದ ಬಂದದ್ದು, ಚೂರ್ಣ ಅಂದರೆ ಪುಡಿ. ಆದ್ದರಿಂದ "ಸುಣ್ಣ" ಎಂದೊಂದೇ ಬರೆದರೂ ಸಾಕು, ಪುಡಿ ಅನ್ನುವುದು ಅದರಲ್ಲೇ ಇದೆ. ಕ್ಯಾಲ್ಸಿಯಂ ಎಂಬ ಪರಭಾಷಾ ಪದ ಯಾಕೆ? ಅದರ ಮೂಲದ ಲ್ಯಾಟಿನ್ ಮಾತಿಗೂ ಸುಣ್ಣ ಅಂತಲೇ ಅರ್ಥ.

ಸು., ಉಡುಪಿ:

ಮಾಷ್ಟ್ರೇ, ಸಿಟ್ಟಾಗಬೇಡಿ. ನಮ್ಮ ಅಮ್ಮ ಎಲೆಅಡಿಕೆ ತಿನ್ನುವವರು. ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ಇಟ್ಟದ್ದೇ ಸುಣ್ಣದ ಡಬ್ಬಿ. ಫ್ರಿಜ್ಜಿನ ಮೇಲೆ "ಹುಳಕ್ಕೆ ಸುಣ್ಣ" ಎಂದು ಬರೆದರೆ ಅವರು ಆ ಡಬ್ಬಿಯಿಂದಲೇ ಬೆರಳಲ್ಲಿ ತೆಗೆದು ಹಚ್ಚುತ್ತಾರೆ, ಮರಿಯ ಬಾಯಿ ಸುಟ್ಟುಹೋಗುತ್ತದೆ. ಕ್ಯಾಲ್ಸಿಯಂ ಅಮ್ಮನಿಗೆ ಗೊತ್ತು. ಮಂಡಿನೋವಿಗೆ ದಿನಾ ಅದರದೇ ಮಾತ್ರೆ ನುಂಗುವುದು.

ಕರುಳೂಟವೂ ಬೇಡ. ಅದನ್ನು ಬಿಡಿಸುವುದು ಹೇಗೆ, ಕರುಳಿಗೆ ಊಟವೋ ಕರುಳಿನ ಊಟವೋ? ಅಮ್ಮ ಕೋಳಿಯ ಕರುಳು ಹುಡುಕಿಕೊಂಡು ಹೋದಾರು.

ವೆಂ., ಪುತ್ತೂರು:

ಹೀಗೆ ಎಲ್ಲದಕ್ಕೂ ಅಮ್ಮನನ್ನು ತಂದರೆ ಕನ್ನಡದಲ್ಲಿ ಪದ ಕಟ್ಟುವುದು ಹೇಗೆ? ಇವತ್ತು ಕ್ಯಾಲ್ಸಿಯಂ, ನಾಳೆ ಉಡವನ್ನೂ ಇಂಗ್ಲಿಷಿನವರ ಹಾಗೆ "ಮಾನಿಟರ್" ಎನ್ನಿ.

ಶೋ., ಕುಂದಾಪುರ:

ಎರವಲಿನ ಜಗಳ ಆಮೇಲೆ ಆಡಿ, ಗುರುವಾರಕ್ಕೆ ಎಷ್ಟು ದಿನ ಇದೆ ನೋಡಿ. ಆದರೆ ಹೆಸರು ತಪ್ಪಿದರೆ ಹೊಟ್ಟೆಯೂ ತಪ್ಪುತ್ತದೆ ಅನ್ನುವುದು ನಿಜ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ನಮ್ಮ ಉಡಕ್ಕೆ ಇಗ್ವಾನಾ ಎಂದು ಬರೆದದ್ದುಂಟು. ಅಮೆರಿಕದ ಹಸಿರು ಇಗ್ವಾನಾ ತಿನ್ನುವುದು ಎಲೆ. ಆ ಹೆಸರು ನಂಬಿ ಉಡದ ಮರಿಗೆ ಸೊಪ್ಪು ಹಾಕಿದರೆ ಅದು ಮೂಸಿಯೂ ನೋಡದು. ಪಟ್ಟಿಯಲ್ಲಿ ಉಡ ಅಂತಲೇ ಇರಲಿ.

ಇನ್ನು ಡಸ್ಟಿಂಗ್. ಅಕ್ಕಾ, ಅಡುಗೆಮನೆಯಲ್ಲೇ ಇದೆಯಲ್ಲ ಮಾತು! ಕಾಣೆ ಮೀನನ್ನು ಕಾಯಿಸುವ ಮೊದಲು ರವೆಯಲ್ಲಿ ಏನು ಮಾಡುತ್ತೇವೆ? ಹೊರಳಿಸುತ್ತೇವೆ. ಆದರೆ ಇದು ಜೀವಂತ ಹುಳ, ತಟ್ಟೆಗೆ ಹಾಕಿದರೆ ಅಡುಗೆಮನೆ ತುಂಬ ಹಾರುತ್ತದೆ. "ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಪುಡಿ ಉದುರಿಸಿ, ಬಾಯಿ ಹಿಡಿದು ಕುಲುಕಿ" ಎಂದು ಬರೆಯಿರಿ. ಒಂದೇ ಪದ ಬೇಕೆಂದು ಯಾರು ಹೇಳಿದ್ದು? ಗಟ್ ಲೋಡಿಂಗಿಗೆ "ಮೇಯಿಸಿ" ಸಾಕು. ಹುಳವನ್ನು ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್ ಹಾಕಿ ಮೇಯಿಸಬೇಕು. ಹಸಿದ ಹುಳ ಬರೀ ಸಿಪ್ಪೆ, ಮರಿಗೆ ಅದರಲ್ಲಿ ಏನೂ ಸಿಗದು.

ರಾ., ಮಂಗಳೂರು:

ನಮ್ಮ ಮನೆಯಲ್ಲಿ ಮೀನಿಲ್ಲ. ಆದರೂ ಹೊರಳಿಸು ಒಳ್ಳೆಯ ಮಾತು, ಒಪ್ಪಿದೆ. ಕ್ರಿಕೆಟ್ ಹುಳಕ್ಕೆ ಜೀರುಂಡೆ ಎನ್ನಬಹುದು.

ಶೋ., ಕುಂದಾಪುರ:

ಜೀರುಂಡೆ ಅಂದರೆ ನಮ್ಮಲ್ಲಿ ಮರದಲ್ಲಿ ಕೂತು ಕಿವಿ ತೂತು ಮಾಡುವುದು. ಬೇಡ.

ಮತ್ತೊಂದು ವಿಷಯ. ಇದನ್ನು ಓದಿ ಯಾರೂ ತೋಟದ ಉಡದ ಮರಿಯನ್ನು ಮನೆಗೆ ತರಬೇಡಿ ಮಾರಾಯ್ರೇ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಅದು ಕೋಳಿಗೂಡಿನ ಮೊಟ್ಟೆ ಕದ್ದರೆ ಕದಿಯಲಿ.

ಸು., ಉಡುಪಿ:

ಎಲ್ಲರಿಗೂ ಥ್ಯಾಂಕ್ಸ್. ಫೀಡರ್ ಇನ್ಸೆಕ್ಟಿಗೆ "ಡಬ್ಬಿ ಹುಳ" ಎಂದು ಬರೆದೆ. ಅಲ್ಲಿ ಅಂಗಡಿಯಿಂದ ಡಬ್ಬಿಯಲ್ಲೇ ಬರುವುದು, ಮಿಡತೆಯೂ ಇದೆ, ಕ್ರಿಕೆಟ್ಟೂ ಇದೆ. ಹಾಗೆಂದರೆ ಅಮ್ಮ ಹಿತ್ತಲಲ್ಲಿ ಮದ್ದು ಬಿಟ್ಟ ಗಿಡದ ಹುಳ ಹೆಕ್ಕಲು ಹೋಗುವುದಿಲ್ಲ. ಪಟ್ಟಿ ಈಗ ಹೀಗಿದೆ:

"ಡಬ್ಬಿ ಹುಳವನ್ನು ಹಿಂದಿನ ದಿನ ಮೇಯಿಸಿ. ಕೊಡುವ ಮೊದಲು ತೊಟ್ಟೆಗೆ ಹಾಕಿ ಬಿಳಿ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ನಿಮ್ಮ ಸುಣ್ಣ ಅಲ್ಲ. ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಬೇಡ. ಇಲಿಮರಿ ಅಪರೂಪಕ್ಕೆ ಮಾತ್ರ, ಜಾಸ್ತಿಯಾದರೆ ಕೊಬ್ಬು ಕಟ್ಟುತ್ತದೆ, ಅದನ್ನು ಅಣ್ಣನೇ ಕೊಡುತ್ತಾನೆ. ಬಿಸಿ ದೀಪ ಆರಿಸಬೇಡಿ, ಮೈ ಬೆಚ್ಚಗಿಲ್ಲದಿದ್ದರೆ ತಿಂದದ್ದು ಕರಗುವುದಿಲ್ಲ. ನೀರು ದಿನಾ ಬದಲಿಸಿ."

ಅಮ್ಮನಿಂದ ಓದಿಸಿದೆ. ಎಲ್ಲ ಅರ್ಥವಾಯಿತಂತೆ. "ಪಾಪ, ಒಂದು ತುತ್ತು ಗಂಜಿಯೂ ಬೇಡವಾ ಇದಕ್ಕೆ?" ಎಂದು ಕೇಳಿದರು. "ಗಂಜಿ ಬೇಡ" ಅಂತ ಕೆಳಗೆ ಇನ್ನೊಂದು ಸಾಲು ಸೇರಿಸಿದೆ.